ಕಾಟಾದ ಮೇಲೆ 41 ಸೆಕೆಂಡು

ರಾತ್ರಿ ಹನ್ನೊಂದೂ ಕಾಲು. ಹೊಸ ಮುಂಬೈಯ ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಲ್ಲಿ ಮಳೆ ಈಗಷ್ಟೇ ನಿಂತಿದೆ. ಗೋದಾಮುಗಳ ತಗಡಿನ ಅಂಚಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. ರಸ್ತೆಯ ಗುಂಡಿಗಳಲ್ಲಿ ನಿಂತ ನೀರಿಗೂ ತುಕ್ಕಿನ ಬಣ್ಣ. 14 ಚಕ್ರದ ಲಾರಿಯೊಂದು ಮೆಲ್ಲಗೆ ತೂಕದ ಕಾಟಾ ಹತ್ತುತ್ತಿದೆ. ಒಂದೊಂದೇ ಜೋಡಿ ಚಕ್ರ ಉಕ್ಕಿನ ಹಾಸಿನ ಮೇಲೆ ಬರುತ್ತಿದ್ದಂತೆ ಕಿಟಕಿಯ ಮೇಲಿನ ಕೆಂಪು ಅಂಕಿಗಳು ಓಡುತ್ತವೆ, ಹಿಂದೆ ಮುಂದೆ ತೂಗಾಡುತ್ತವೆ, ಕೊನೆಗೆ ಒಂದು ಕಡೆ ನಿಲ್ಲುತ್ತವೆ: 42,860.

ಡ್ರೈವರ್ ಇಂಜಿನ್ ಆರಿಸಿ ಕೆಳಗಿಳಿಯುತ್ತಾನೆ. ಐವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಟವೆಲ್ಲು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಿಂದ ಟಿಎಂಟಿ ಸರಳು ಹೇರಿಕೊಂಡು ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ ದಾಟಿ ಏಳು ನೂರು ಚಿಲ್ಲರೆ ಕಿಲೋಮೀಟರ್ ಬಂದಿದ್ದಾನೆ. ಕಿಟಕಿಯೊಳಗೆ ಕೂತಿರುವ ಹುಡುಗ ಇಂಡಿ ಕಡೆಯವನು. ಚಲನ್ ನಂಬರ್ ಹೊಡೆದು ಗುಂಡಿ ಒತ್ತುತ್ತಾನೆ. ಪರದೆಯ ಮೇಲೆ ಬಿಳಿಯ ಚಕ್ರವೊಂದು ತಿರುಗತೊಡಗುತ್ತದೆ.

ನಾನು ಹುಡುಗನ ಬೆನ್ನ ಹಿಂದೆ ನಿಂತು ಮೊಬೈಲಿನ ಸ್ಟಾಪ್‌ವಾಚ್ ಒತ್ತಿದ್ದೇನೆ. ಹತ್ತು ಸೆಕೆಂಡು. ಇಪ್ಪತ್ತು. ಹಿಂದಿನ ಲಾರಿಯವನು ಹಾರ್ನ್ ಬಾರಿಸುತ್ತಾನೆ. ಮೂವತ್ತು. ಡ್ರೈವರ್ ಕಿಟಕಿಯ ಕಟಾಂಜನಕ್ಕೆ ಮುಖವಿಡುತ್ತಾನೆ.

“ಏನ್ ತಮ್ಮಾ, ಚೀಟಿ ಊರಿಂದ ಬರಬೇಕೇನು?”

“ಊರಿಗಿಂತ ದೂರದಿಂದ ಬರಬೇಕು ಅಣ್ಣಾ,” ಅನ್ನುತ್ತೇನೆ. ನಾನು ಹೊಸಪೇಟೆಯವನೆಂದು ಮಾತಿನಲ್ಲೇ ಅವನಿಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಹೆಚ್ಚು ಬೈಯಲಾರದೆ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರುತ್ತಾನೆ. ನಲವತ್ತು. ನಲವತ್ತೊಂದು. ಪ್ರಿಂಟರ್ ಕಿರುಗುಟ್ಟುತ್ತದೆ.

“ದಿನಾ ಹಿಂಗ ನೋಡ್ರಿ ಸರ,” ಹುಡುಗ ತಿರುಗಿ ನೋಡದೆ ಹೇಳುತ್ತಾನೆ. “ಬೈಸ್ಕೊಳ್ಳೋದು ನಾವು.”

ಆ ಪ್ರೋಗ್ರಾಂ ಬರೆದವನು ನಾನು. ದಿನಕ್ಕೆ ನೂರು ಚೀಟಿ ಎಂದುಕೊಂಡರೂ ಒಂದು ತಾಸಿಗಿಂತ ಹೆಚ್ಚು ಹೊತ್ತು ಈ ಬೆಂಚಿನ ಮೇಲೆ ಯಾರೋ ಒಬ್ಬರು ಬರಿದೇ ಕೂತಿರುತ್ತಾರೆ. ಮೂರು ದಿನ ನಿದ್ದೆಗೆಟ್ಟು ಬಂದವರು ಅವರು. ಆ ತಾಸಿಗೆ ಕಾರಣ ಕಂಡುಹಿಡಿಯದೆ ಇವತ್ತು ಮನೆಗೆ ಹೋಗಬಾರದು ಎಂದುಕೊಂಡೇ ಬಂದಿದ್ದೇನೆ.

ಹುಡುಗನ ಕುರ್ಚಿಯಲ್ಲಿ ಕೂತು ಕಪ್ಪು ಕಿಟಕಿ ತೆರೆದು ‘ಪಿಂಗ್’ ಎಂದು ಹೊಡೆಯುತ್ತೇನೆ. ‘ಇದ್ದೀಯಾ?’ ಎಂದು ಸರ್ವರನ್ನು ಕೂಗುವುದು, ‘ಇದ್ದೇನೆ’ ಎಂಬ ದನಿ ಬರುವವರೆಗೆ ಹೊತ್ತು ಎಣಿಸುವುದು, ಪಿಂಗ್ ಅಂದರೆ ಇಷ್ಟೇ. ಸಾಲುಗಳು ಒಂದೊಂದಾಗಿ ಇಳಿಯುತ್ತವೆ. 212 ಮಿಲಿಸೆಕೆಂಡು. 211. 219. 212. ಒಮ್ಮೆ ಕೂಗಿ ಓಗೊಡಿಸಿಕೊಳ್ಳಲು ಸೆಕೆಂಡಿನ ಐದನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಹೆಚ್ಚುಕಮ್ಮಿ ಒಮ್ಮೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಹಾಗಿದ್ದರೆ 41 ಸೆಕೆಂಡು ಎಲ್ಲಿಂದ ಬಂತು?

ಮಾರನೆಯ ಬೆಳಿಗ್ಗೆ ಅದೇ ಕೋಣೆ, ಸ್ಟೀಲ್ ಲೋಟದಲ್ಲಿ ಕಟಿಂಗ್ ಚಹಾ. ಮಾಲೀಕರಾದ ಸೇಠ್‌ಜಿ ಬಂದು ಕೂತಿದ್ದಾರೆ. ಹಿಂದಿಯಲ್ಲಿ ಕೇಳುತ್ತಾರೆ: ಸರ್ವರ್ ಎಲ್ಲಿದೆ? ಅಮೆರಿಕದ ವರ್ಜೀನಿಯಾದಲ್ಲಿ, ಅನ್ನುತ್ತೇನೆ. ಶುರುವಿನಲ್ಲಿ ಅಗ್ಗಕ್ಕೆ ಸಿಕ್ಕ ಬಾಡಿಗೆ ಯಂತ್ರ ಅಲ್ಲಿನದು. ಅವರ ಹುಬ್ಬು ಮೇಲೇರುತ್ತದೆ.

ನೆಲದ ಮೇಲೆ ಬೈಂಡಿಂಗ್ ತಂತಿಯ ಸುರುಳಿ ಬಿದ್ದಿದೆ. ಕೈಗೆತ್ತಿಕೊಂಡು, ಸ್ಕೇಲಿಟ್ಟು, ಇಕ್ಕಳದಿಂದ ಒಂದು ತುಂಡು ಕತ್ತರಿಸಿ ಅವರ ಅಂಗೈಯಲ್ಲಿಡುತ್ತೇನೆ. ಉದ್ದ ಮೂವತ್ತು ಸೆಂಟಿಮೀಟರಿಗೆ ಕೂದಲೆಳೆ ಕಡಿಮೆ. ಅಮೆರಿಕದ ನೌಕಾಪಡೆಯಲ್ಲಿದ್ದ ಗ್ರೇಸ್ ಹಾಪರ್ ಎಂಬ ಕಂಪ್ಯೂಟರ್ ವಿಜ್ಞಾನಿ ತನ್ನ ಭಾಷಣಗಳಿಗೆ ಬಂದವರಿಗೆಲ್ಲ ಇಂಥದೇ ತಂತಿ ಹಂಚುತ್ತಿದ್ದಳು. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ, ಓಡುವ ದೂರ ಅದು. ಅದಕ್ಕಿಂತ ಬೇಗ ಯಾವುದೂ ಓಡಲಾರದು. ಗಾಜಿನ ಎಳೆಯೊಳಗೆ ಬೆಳಕು ಇನ್ನೂ ನಿಧಾನ. ತುಂಡಿನ ಮೂರನೇ ಒಂದು ಪಾಲನ್ನು ಮಡಚಿ ತೋರಿಸುತ್ತೇನೆ: ಆಪ್ಟಿಕಲ್ ಫೈಬರಿನಲ್ಲಿ ಇಷ್ಟು ಮಾತ್ರ, ಸುಮಾರು ಇಪ್ಪತ್ತು ಸೆಂಟಿಮೀಟರ್. ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್, ಮಿಲಿಸೆಕೆಂಡಿಗೆ ಇನ್ನೂರು.

ಸೇಠ್‌ಜಿ ಲೆಕ್ಕದ ಮನುಷ್ಯರು. ವರ್ಜೀನಿಯಾ ಎಷ್ಟು ದೂರ ಎಂದು ಕೇಳುತ್ತಾರೆ. ನೆಟ್ಟಗೆ ಅಳೆದರೆ 13,000 ಕಿಲೋಮೀಟರ್ ಹತ್ತಿರ. ಹೋಗಿ ಬರಲು 26,000. ಭಾಗಿಸಿದರೆ 130 ಮಿಲಿಸೆಕೆಂಡು. ಆದರೆ ಕೇಬಲ್ಲು ನೆಟ್ಟಗೆ ಹೋಗುವುದಿಲ್ಲ. ಮುಂಬೈ ದಡದಿಂದ ಅರಬ್ಬೀ ಸಮುದ್ರಕ್ಕಿಳಿದು, ಕೆಂಪು ಸಮುದ್ರ ಹಾದು, ಈಜಿಪ್ಟಿನ ನೆಲ ದಾಟಿ, ಮೆಡಿಟರೇನಿಯನ್ನಿನಲ್ಲಿ ಮತ್ತೆ ಮುಳುಗಿ, ಯುರೋಪು ಮುಟ್ಟಿ, ಅಟ್ಲಾಂಟಿಕ್ ದಾಟಿ ಅಮೆರಿಕ ಸೇರುತ್ತದೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಹತ್ತಿರ ಕೇಬಲ್ಲುಗಳು ತುಂಡಾದಾಗ ಭಾರತದಾದ್ಯಂತ ಇಂಟರ್‌ನೆಟ್ ಕುಂಟಿತ್ತು. 130ರ ಜಾಗದಲ್ಲಿ 212 ಬರುವುದು ಈ ಸುತ್ತಿನಿಂದಲೇ. ಗಾಜಿನ ಎಳೆಯೊಳಗೆ ಓಡುವವರೆಗೆ, ಯಾರು ಎಷ್ಟು ದುಡ್ಡು ಸುರಿದರೂ 130ರ ಕೆಳಗಂತೂ ಇಳಿಯದು.

“ಅಂದರೆ ಯಂತ್ರವನ್ನೇ ಇಲ್ಲಿಗೆ ತಂದುಬಿಡಿ,” ಅನ್ನುತ್ತಾರೆ ಸೇಠ್‌ಜಿ. ಅವರ ತಂದೆಯ ಅಂಗಡಿ ಇದ್ದದ್ದು ದಕ್ಷಿಣ ಮುಂಬೈಯ ಕಾರ್ನಾಕ್ ಬಂದರಿನಲ್ಲಿ. ಅಲ್ಲಿನ ಇಕ್ಕಟ್ಟು ಗಲ್ಲಿಗಳಲ್ಲಿ ಕೈಗಾಡಿಯ ಮೇಲೆ ಸರಳು ಸಾಗಿಸುತ್ತಿದ್ದುದನ್ನು ಅವರು ಕಂಡಿದ್ದಾರೆ. ಹೊಸ ಮುಂಬೈ ಕಟ್ಟಲು 1970ರಲ್ಲಿ ಹುಟ್ಟಿದ ಸಿಡ್ಕೊ ಮುಂದೆ ಉಕ್ಕಿನ ವ್ಯಾಪಾರಕ್ಕೆ ಕಳಂಬೋಲಿಯಲ್ಲಿ ಜಾಗ ಮಾಡಿಕೊಟ್ಟಿತು. ಪುಣೆಯ ಕಡೆಯ ಹೆದ್ದಾರಿ, ಗೋವಾದ ಕಡೆಯ ಹೆದ್ದಾರಿ, ಸಾಯನ್ ಕಡೆಯ ರಸ್ತೆ, ಎಲ್ಲ ಬಂದು ಕೂಡುವ ಜಾಗ ಇದು. ಲಾರಿ ಊರೊಳಗೆ ನುಗ್ಗುವ ಬದಲು ಅಂಗಡಿಗಳೇ ಲಾರಿಯ ದಾರಿಗೆ ಬಂದವು. ಸೇಠ್‌ಜಿ ಕೇಳುತ್ತಿರುವುದೂ ಅದನ್ನೇ.

ಕೇಳಿದ್ದು ಸರಿಯಾಗಿದೆ. ಆದರೂ ಮೊದಲು ಅದನ್ನು ಮಾಡಬಾರದು ಎಂದು ಹಟ ಹಿಡಿಯುತ್ತೇನೆ. 212ನ್ನು 41 ಸೆಕೆಂಡು ಮಾಡಿದ್ದು ದೂರವೊಂದೇ ಅಲ್ಲ. ಆ ದೂರವನ್ನು ಒಂದು ಚೀಟಿಗಾಗಿ ಎಷ್ಟು ಸಲ ತುಳಿಯುತ್ತಿದ್ದೇವೆ ಎಂಬುದನ್ನು ಮೊದಲು ಎಣಿಸಬೇಕು.

ಅದೇ ರಾತ್ರಿ, ಕಳಂಬೋಲಿಯ ನನ್ನ ಮನೆ. ಎಕ್ಸ್‌ಪ್ರೆಸ್‌ವೇ ಕಡೆ ಹೊರಳುವ ಲಾರಿಗಳ ಗುಡುಗು ಕಿಟಕಿಯ ಗಾಜನ್ನು ನಡುಗಿಸುತ್ತಿದೆ. ಪರದೆಯ ಮೇಲೆ ನನ್ನದೇ ಹಳೆಯ ಕೋಡು. ಬೆರಳಿಟ್ಟು ಓದುತ್ತೇನೆ.

ನಿನ್ನೆಯ ಲಾರಿಯಲ್ಲಿ ಆರು ಗಾತ್ರದ ಸರಳಿದ್ದವು: 8, 10, 12, 16, 20, 25 ಎಂ.ಎಂ. ಒಂದೊಂದು ಗಾತ್ರದಲ್ಲೂ ಎರಡೆರಡು ಹೀಟ್ ನಂಬರ್, ಅಂದರೆ ಉಕ್ಕು ಕರಗಿಸಿದ ಸರದಿಯ ಗುರುತು. ಚಲನ್‌ನಲ್ಲಿ ಒಟ್ಟು 12 ಸಾಲು. ನನ್ನ ಪ್ರೋಗ್ರಾಂ ಒಂದೊಂದು ಸಾಲಿಗೂ ಸರ್ವರಿಗೆ ನಾಲ್ಕು ಪ್ರಶ್ನೆ ಕೇಳುತ್ತದೆ: ಮಾಲು ಯಾವುದು? ಗಿರಾಕಿ ಯಾರು? ಆ ಗಿರಾಕಿಗೆ ದರ ಎಷ್ಟು? ಯಾವ ಗೋದಾಮಿಗೆ? 12 ನಾಲ್ಕಲೆ 48 ಪ್ರಶ್ನೆ. ಪ್ರತಿ ಪ್ರಶ್ನೆಗೂ ಹೊಸ ಸಂಪರ್ಕ ತೆರೆದು, ಉತ್ತರ ಬಂದೊಡನೆ ಮುಚ್ಚುತ್ತದೆ. ಸಂಪರ್ಕ ತೆರೆಯುವುದೂ ಪುಕ್ಕಟೆಯಲ್ಲ. ಟಿಸಿಪಿ ನಿಯಮದಂತೆ ಕೈಕುಲುಕಲು ಒಂದು ಸುತ್ತು. ಗುಟ್ಟು ಕಾಯುವ ಬೀಗದ ಕೈ ಗೊತ್ತುಮಾಡಿಕೊಳ್ಳಲು ಟಿಎಲ್‌ಎಸ್‌ನ ಹಳೆಯ 1.2 ಆವೃತ್ತಿಯಲ್ಲಿ ಎರಡು ಸುತ್ತು. ಆಮೇಲೆ ಪ್ರಶ್ನೆಗೊಂದು ಸುತ್ತು. 48 ನಾಲ್ಕಲೆ 192 ಸುತ್ತು. ಒಂದೊಂದಕ್ಕೂ 212 ಮಿಲಿಸೆಕೆಂಡು. ಗುಣಿಸಿದರೆ 40.7 ಸೆಕೆಂಡು.

ಪೆನ್ನು ಕೆಳಗಿಡುತ್ತೇನೆ. ಸ್ಟಾಪ್‌ವಾಚ್ ಹೇಳಿದ ಅಂಕಿ ಕಾಗದದ ಮೇಲೆ ಬಂದು ಕೂತಿದೆ. ಬೆಳಕು ತನ್ನ ಕೆಲಸ ತಪ್ಪದೆ ಮಾಡಿದೆ. ಡ್ರೈವರ್ ಚೀಟಿಗೆ ಕಾದಷ್ಟು ಹೊತ್ತಿನಲ್ಲಿ ನನ್ನ ಪ್ರಶ್ನೆಗಳನ್ನು ಹೊತ್ತು ಅರ್ಧ ಭೂಮಿ ದಾಟಿ 192 ಸಲ ಹೋಗಿ ಬಂದಿದೆ.

ಹೀಗೇಕೆ ಬರೆದೆ ಎಂಬುದೂ ನೆನಪಾಗುತ್ತದೆ. ಬರೆಯುವಾಗ ಡೇಟಾಬೇಸು ಇದೇ ಲ್ಯಾಪ್‌ಟಾಪಿನೊಳಗಿತ್ತು. ಒಂದು ಸುತ್ತಿಗೆ ಅರ್ಧ ಮಿಲಿಸೆಕೆಂಡೂ ಇರಲಿಲ್ಲ. 192 ಸಲ ಓಡಾಡಿದರೂ ಸೆಕೆಂಡಿನ ಹತ್ತನೇ ಒಂದು ಪಾಲು. ಗೊತ್ತೇ ಆಗಲಿಲ್ಲ. ಈ ಎಡವಟ್ಟಿಗೆ ಹಳೆಯ ಚರಿತ್ರೆಯಿದೆ. 1984ರಲ್ಲಿ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದ ಆಂಡ್ರ್ಯೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್, ದೂರದ ಯಂತ್ರದಲ್ಲಿರುವ ಕೆಲಸವನ್ನೂ ಇದೇ ಯಂತ್ರದ ಕೆಲಸವೆಂಬಂತೆ ಒಂದೇ ಸಾಲಿನಲ್ಲಿ ಕರೆಯುವ ಬಗೆಯನ್ನು ವಿವರವಾಗಿ ಬರೆದರು. ಪ್ರೋಗ್ರಾಂ ಬರೆಯುವವರಿಗೆ ಅದು ದೊಡ್ಡ ಉಪಕಾರ. ಹತ್ತು ವರ್ಷದ ಮೇಲೆ, 1994ರಲ್ಲಿ, ಸನ್ ಮೈಕ್ರೋಸಿಸ್ಟಮ್ಸ್‌ನ ಜಿಮ್ ವಾಲ್ಡೋ ಮತ್ತು ಸಂಗಡಿಗರು ಎಚ್ಚರಿಸಿದರು: ಹತ್ತಿರದ್ದೂ ದೂರದ್ದೂ ಒಂದೇ ಎಂದು ನಟಿಸಬೇಡಿ, ತಡದಲ್ಲೂ ಸೋಲುವ ಬಗೆಯಲ್ಲೂ ಅವು ಬೇರೆ ಜಾತಿಯವು. ಪರದೆಯ ಮೇಲೆ ಎರಡೂ ಕರೆಗಳು ಒಂದೇ ಥರದ ಸಾಲಾಗಿ ಕಾಣುತ್ತವೆ. ಒಂದು ಪಕ್ಕದ ಕೋಣೆಗೆ ಹೋಗುತ್ತದೆ, ಇನ್ನೊಂದು ಏಳು ಸಮುದ್ರದಾಚೆಗೆ. ಬರೆದವನ ಕಣ್ಣಿಗೆ ದೂರ ಕಾಣದಿದ್ದರೆ ಅದರ ಸುಂಕ ಕಟ್ಟುವವನು ಬೆಂಚಿನ ಮೇಲೆ ಕೂತವನು.

ಮೊದಲ ತಿದ್ದುಪಡಿ ಸುಲಭ. ತೆರೆದ ಸಂಪರ್ಕವನ್ನು ಮುಚ್ಚದೆ ಇಟ್ಟುಕೊಳ್ಳುವುದು. ಕೈಕುಲುಕುವುದು ಒಮ್ಮೆ ಮಾತ್ರ. ಮೂರು ಸುತ್ತು ಮತ್ತು 48, ಒಟ್ಟು 51. ಓಡಿಸುತ್ತೇನೆ: 10.8 ಸೆಕೆಂಡು. 2018ರಲ್ಲಿ ಬಂದ ಟಿಎಲ್‌ಎಸ್ 1.3 ಇನ್ನೂ ಒಂದು ಸುತ್ತು ಉಳಿಸುತ್ತದೆ, ಅದನ್ನೂ ಹಾಕಿಕೊಳ್ಳುತ್ತೇನೆ. ಎಷ್ಟೋ ಪ್ರೋಗ್ರಾಂಗಳ ಕಾಯಿಲೆ ಈ ಒಂದು ಮದ್ದಿಗೇ ಮುಕ್ಕಾಲು ವಾಸಿಯಾಗುತ್ತದೆ.

ಎರಡನೆಯದು ಕಷ್ಟದ್ದು. 48 ಪ್ರಶ್ನೆಯನ್ನು ಒಂದೇ ಗಂಟು ಕಟ್ಟಿ ಕಳಿಸೋಣವೆಂದರೆ, ಒಂದರ ಉತ್ತರ ಗೊತ್ತಾಗದೆ ಇನ್ನೊಂದನ್ನು ಕೇಳಲಾಗದು. ಗಿರಾಕಿ ಯಾರೆಂದು ತಿಳಿದ ಮೇಲೆ ತಾನೆ ಅವನ ದರ ಕೇಳುವುದು? ಮನೆಗೆ ಫೋನು ಇಲ್ಲದ ಕಾಲದಲ್ಲಿ ನನ್ನಪ್ಪ ಊರಿಗೆ ಕಾಗದ ಬರೆಯುತ್ತಿದ್ದ ರೀತಿ ನೆನಪಾಗುತ್ತದೆ. ‘ಶೇಂಗಾದ ಧಾರಣೆ ಎಷ್ಟಿದೆ ತಿಳಿಸು’ ಎಂದು ಬರೆದರೆ ಉತ್ತರಕ್ಕೆ ವಾರ, ಅದಕ್ಕೆ ಮರುತ್ತರಕ್ಕೆ ಇನ್ನೊಂದು ವಾರ. ಹಾಗಾಗಿ ಅಪ್ಪ ಬರೆಯುತ್ತಿದ್ದುದು ಹೀಗೆ: ‘ಪೇಟೆಗೆ ಹೋಗು. ಧಾರಣೆ ಎಷ್ಟಿದ್ದರೂ ಹತ್ತು ಚೀಲ ಮಾರು. ಬಂದ ದುಡ್ಡಿನಲ್ಲಿ ಬೀಜದ ಸಾಲ ತೀರಿಸು. ಉಳಿದಿದ್ದನ್ನು ಅವ್ವನ ಕೈಗೆ ಕೊಡು.’ ಧಾರಣೆ ಗೊತ್ತಿಲ್ಲದೆಯೇ ಅದರ ಮೇಲಿನ ಮೂರು ಕೆಲಸ ಹೇಳಿ ಮುಗಿದಿರುತ್ತಿತ್ತು.

1988ರಲ್ಲಿ ಅಮೆರಿಕದ ಬಾರ್ಬರಾ ಲಿಸ್ಕೋವ್ ಮತ್ತು ಲಿಯುಬಾ ಶ್ರೀರಾ ಕಂಪ್ಯೂಟರಿನ ಲೋಕಕ್ಕೆ ಹೇಳಿದ್ದು ಇದಕ್ಕೆ ಹತ್ತಿರದ ಮಾತು. ಬಾರದ ಉತ್ತರಕ್ಕೆ ಬದಲಾಗಿ ‘ಬರುತ್ತದೆ’ ಎಂಬ ಒಂದು ವಚನವನ್ನು ಕೈಯಲ್ಲಿ ಹಿಡಿದುಕೊಂಡು ಮುಂದಿನ ಕೆಲಸಕ್ಕೆ ಹೊರಡು, ಸುಮ್ಮನೆ ಕಾಯುತ್ತ ನಿಲ್ಲಬೇಡ. ಅದಕ್ಕೆ ಅವರಿಟ್ಟ ಹೆಸರೇ ‘ಪ್ರಾಮಿಸ್’. ನಾನು ಅಪ್ಪನ ದಾರಿ ಹಿಡಿಯುತ್ತೇನೆ. ನಾಲ್ಕು ಪ್ರಶ್ನೆಗಳ ಸರಪಳಿಯನ್ನು ಕಾಟಾದ ಕಂಪ್ಯೂಟರಿನಿಂದ ಕಿತ್ತು ಸರ್ವರಿನೊಳಗೇ ನೆಡುತ್ತೇನೆ. ಅಲ್ಲಿ ಡೇಟಾಬೇಸು ಪಕ್ಕದಲ್ಲೇ ಇದೆ. ಕಾಟಾದಿಂದ ಹೋಗುವುದು ಇನ್ನು ಒಂದೇ ಮಾತು: ‘ಈ ಚಲನ್, ಈ ತೂಕ. ಚೀಟಿಗೆ ಬೇಕಾದ್ದೆಲ್ಲ ಕೊಡು.’

ಬೆಳಗಿನ ಮೂರೂವರೆ. ಎಂಟರ್ ಒತ್ತುತ್ತೇನೆ. ಬಿಳಿ ಚಕ್ರ ಕಾಣಿಸಿದ್ದೂ ಮಾಯವಾದದ್ದೂ ಒಟ್ಟಿಗೆ. 0.23 ಸೆಕೆಂಡು. ಸರ್ವರ್ ಇನ್ನೂ ವರ್ಜೀನಿಯಾದಲ್ಲೇ ಇದೆ.

ಈಗ ಸೇಠ್‌ಜಿಯ ಮಾತು ನಡೆಸಬಹುದು. ಕಳಂಬೋಲಿಯಲ್ಲಿ ನಿಂತವನಿಗೆ ಸರ್ವರುಗಳು ದೂರದ ದೇಶದ ಸರಕೇನಲ್ಲ. ಉತ್ತರಕ್ಕೆ ಥಾಣೆ–ಬೇಲಾಪುರ ರಸ್ತೆಯಲ್ಲಿ ಹೋದರೆ ಮಹಾಪೆ, ರಬಾಳೆ, ಐರೋಲಿಗಳಲ್ಲಿ ಡೇಟಾ ಸೆಂಟರುಗಳ ಸಾಲು. ದಕ್ಷಿಣಕ್ಕೆ ಪನ್ವೇಲ್ ದಾಟಿದರೆ 2020ರಲ್ಲಿ ಶುರುವಾದ ಯೋಟ್ಟಾದ ಭಾರೀ ಕಟ್ಟಡ. ಅಮೆಜಾನ್ ತನ್ನ ಕ್ಲೌಡ್ ಕೇಂದ್ರವನ್ನು 2016ರ ಜೂನ್‌ನಲ್ಲೇ ಮುಂಬೈಗೆ ತಂದಿತ್ತು. ನಮ್ಮ ಸರಕನ್ನು ಮುಂಬೈ ಕೇಂದ್ರವೊಂದಕ್ಕೆ ಸಾಗಿಸಿ ಪಿಂಗ್ ಹೊಡೆಯುತ್ತೇನೆ: 5 ಮಿಲಿಸೆಕೆಂಡು.

ಆದರೆ ಚೀಟಿಯ ಪ್ರಶ್ನೆಗೆ ಉತ್ತರ ಬರಲು 45 ಹಿಡಿಯುತ್ತಿದೆ. ಮತ್ತೆ ಹೊಡೆಯುತ್ತೇನೆ. 45. ಮತ್ತೆ 45. ನೆಟ್‌ವರ್ಕಿನ ಏರಿಳಿತವಾದರೆ ಅಂಕಿ ಕುಣಿಯಬೇಕು. ಹೀಗೆ ಕಂಬದಂತೆ ನಿಂತಿದೆ ಎಂದರೆ ಯಾರೋ ಗಡಿಯಾರ ಹಿಡಿದು 40 ಮಿಲಿಸೆಕೆಂಡು ತಡೆದು ನಿಲ್ಲಿಸುತ್ತಿದ್ದಾರೆ.

ತಂತಿಯ ಮೇಲೆ ಹೋಗುವ ಪೊಟ್ಟಣಗಳನ್ನು ಹಿಡಿದು ಒಂದೊಂದಾಗಿ ನೋಡುತ್ತೇನೆ. ನನ್ನ ಪ್ರೋಗ್ರಾಂ ಒಂದೇ ಪ್ರಶ್ನೆಯನ್ನು ಎರಡು ಚೂರಾಗಿ ಬರೆಯುತ್ತಿದೆ: ಮೊದಲು ತಲೆಬರಹ, ಆಮೇಲೆ ಒಡಲು. ತಲೆಬರಹ ಕೂಡಲೇ ಹೊರಟಿದೆ. ಒಡಲು ಇಲ್ಲೇ ನಿಂತಿದೆ. ನಿಲ್ಲಿಸಿದ್ದು 1984ರಲ್ಲಿ ಫೋರ್ಡ್ ಏರೋಸ್ಪೇಸ್‌ನ ಜಾನ್ ನೇಗಲ್ ಮಾಡಿದ ಕಟ್ಟಳೆ. ಆಗ ಒಂದೊಂದು ಅಕ್ಷರ ಒತ್ತಿದಾಗಲೂ 1 ಬೈಟಿನ ಸರಕಿಗೆ 40 ಬೈಟಿನ ವಿಳಾಸಪಟ್ಟಿ ಹೊತ್ತ ಪೊಟ್ಟಣ ಹೊರಟು ದಾರಿಯೆಲ್ಲ ಕಿಕ್ಕಿರಿಯುತ್ತಿತ್ತು. ಅದಕ್ಕೆ ನೇಗಲ್ ಹೇಳಿದ: ಹಿಂದೆ ಕಳಿಸಿದ್ದಕ್ಕೆ ಪೋಚ್ (ಮುಟ್ಟಿದ ರಸೀದಿ) ಬರುವವರೆಗೆ ಸಣ್ಣ ಸರಕನ್ನು ತಡೆದಿಡಿ, ಒಟ್ಟು ಮಾಡಿ ಕಳಿಸಿ. ಅತ್ತ ಕಡೆಯ ಯಂತ್ರಕ್ಕೆ ಬೇರೊಂದು ಕಟ್ಟಳೆ: ಬರಿಯ ಪೋಚ್ ಹೊತ್ತು ಖಾಲಿ ಗಾಡಿ ಬಿಡಬೇಡಿ, ಸ್ವಲ್ಪ ತಾಳಿ, ವಾಪಸು ಲೋಡು ಸಿಕ್ಕರೆ ಜೊತೆಗೇ ಕಳಿಸಿ.

ಬೇರೆಬೇರೆಯಾಗಿ ನೋಡಿದರೆ ಎರಡೂ ಒಳ್ಳೆಯ ಬುದ್ಧಿಯೇ. ಈ ಮಾರುಕಟ್ಟೆಯ ಯಾವ ಟ್ರಾನ್ಸ್‌ಪೋರ್ಟಿನವರೂ ಮೆಚ್ಚುವಂಥವು. ಎರಡೂ ಎದುರಾಬದುರು ಬಂದಾಗ ಮಾತ್ರ ತೊಡಕು. ಇವನು ಪೋಚ್‌ಗೆ ಕಾಯುತ್ತಾನೆ, ಅವನು ಲೋಡಿಗೆ ಕಾಯುತ್ತಾನೆ. ಇವನ ಲೋಡು ಹೊರಡದೆ ಅವನಿಗೆ ವಾಪಸು ಲೋಡಿಲ್ಲ. 40 ಮಿಲಿಸೆಕೆಂಡು ಇಬ್ಬರೂ ಮುಖ ನೋಡಿಕೊಂಡು ನಿಂತು, ಕೊನೆಗೆ ತಾಳ್ಮೆ ಮುಗಿದ ಅವನು ಖಾಲಿ ಗಾಡಿ ಬಿಡುತ್ತಾನೆ. ತಲೆಬರಹ, ಒಡಲು ಎರಡನ್ನೂ ಕೂಡಿಸಿ ಒಂದೇ ಸಲ ಬರೆಯುತ್ತೇನೆ. ‘ಟಿಸಿಪಿ ನೋ-ಡಿಲೇ’ ಎಂಬ ಗುಂಡಿಯನ್ನೂ ಒತ್ತಿ ತಡೆಯನ್ನು ತೆಗೆಯುತ್ತೇನೆ. ಅಂಕಿ 45ರಿಂದ ಐದಾರಕ್ಕೆ ಧುಮುಕುತ್ತದೆ.

ಕೆಲಸ ಮುಗಿಯಿತು ಅಂದುಕೊಂಡೇ ಹಬ್ಬಕ್ಕೆ ಊರಿಗೆ ಹೊರಡುತ್ತೇನೆ. ಕಳಂಬೋಲಿಯ ಮ್ಯಾಕ್‌ಡೊನಾಲ್ಡ್ಸ್ ಮುಂದೆ ಚೀಲ ಹಿಡಿದು ನಿಂತವರ ಗುಂಪು. ಬಸ್ಸಿನ ಹುಡುಗರು ಊರುಗಳ ಹೆಸರು ಕೂಗುತ್ತಿದ್ದಾರೆ. ಡ್ರೈವರ್ ಹಿಂದಿನ ಸೀಟು ಸಿಗುತ್ತದೆ. 2002ರಲ್ಲಿ ಪೂರ್ತಿ ತೆರೆದ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ 94.5 ಕಿಲೋಮೀಟರ್ ಶುರುವಾಗುವುದು ಇಲ್ಲಿಂದಲೇ. ಖಾಲಾಪುರದ ಟೋಲ್ ನಾಕಾ ಹತ್ತಿರವಾಗುತ್ತಿದ್ದಂತೆ ಬಸ್ಸು ವೇಗ ತಗ್ಗಿಸುತ್ತದೆ. ಗಾಜಿನ ಮೇಲಿನ ಫಾಸ್ಟ್ಯಾಗ್ ಚೀಟಿಯನ್ನು ಮೇಲಿನ ರೀಡರ್ ಓದುತ್ತದೆ. ಮುಂದಿನ ದಂಡ ಎದ್ದೇಳುತ್ತದೆ. ಬಸ್ಸು ಪೂರ್ತಿ ನಿಂತೂ ಇಲ್ಲ.

ಕತ್ತು ಮುಂದೆ ಚಾಚಿ ನೋಡುತ್ತೇನೆ. ಈ ಬಸ್ಸಿನ ಖಾತೆ ಯಾವುದೋ ಬ್ಯಾಂಕಿನಲ್ಲಿದೆ, ಟೋಲಿನವರ ಖಾತೆ ಇನ್ನೊಂದರಲ್ಲಿ. ದುಡ್ಡು ಅಲ್ಲಿಂದ ಇಲ್ಲಿಗೆ ಬಂದಾಯಿತೇ ಎಂದು ನಾಕಾ ಕೇಳುತ್ತ ನಿಂತಿದ್ದರೆ ಹಿಂದಿನ ಸಾಲು ಪನ್ವೇಲ್ ಕಡೆಗೆ ಬೆಳೆಯುತ್ತಿತ್ತು. ನಾಕಾ ಹಾಗೆ ಕೇಳುವುದಿಲ್ಲ. ಹಣ ತೀರಿದ, ತಡೆಹಿಡಿದ ಟ್ಯಾಗುಗಳ ಪಟ್ಟಿ ಮೊದಲೇ ಅದರ ಕೈಗೆ ಬಂದಿರುತ್ತದೆ. ತನ್ನ ಹತ್ತಿರದ ಪ್ರತಿಯಲ್ಲಿ ನೋಡಿ, ಆ ನಂಬರ್ ಅಲ್ಲಿಲ್ಲವೆಂದರೆ ದಾರಿ ಬಿಡುತ್ತದೆ. ದುಡ್ಡಿನ ಲೆಕ್ಕ ಬ್ಯಾಂಕುಗಳ ನಡುವೆ ಆಮೇಲೆ ನಡೆಯುತ್ತದೆ. ಪಟ್ಟಿ ಕೆಲ ನಿಮಿಷ ಹಳತಾಗಿದ್ದರೆ ಎಲ್ಲೋ ಒಂದು ಗಾಡಿ ತಪ್ಪಿಸಿಕೊಳ್ಳಬಹುದು. ಅಷ್ಟು ನಷ್ಟವನ್ನು ಒಪ್ಪಿಕೊಂಡು ಸಾವಿರಾರು ಗಾಡಿಗಳ ಹೊತ್ತು ಉಳಿಸಿದ್ದಾರೆ.

ಬೋರ್‌ಘಾಟಿನ ತಿರುವುಗಳಲ್ಲಿ ಬಸ್ಸು ಏರುತ್ತಿರುವಾಗ ನಿದ್ದೆ ಹಾರಿಹೋಗಿದೆ. ನಾನು ಸುತ್ತುಗಳನ್ನು 192ರಿಂದ ಒಂದಕ್ಕೆ ಇಳಿಸಿದೆ. ಆ ಒಂದಾದರೂ ಲಾರಿ ನಿಂತಿರುವಾಗಲೇ ಆಗಬೇಕೇ? ಗಿರಾಕಿಯ ಹೆಸರು, ಗೋದಾಮಿನ ನಂಬರ್ ದಿನದಿನಕ್ಕೆ ಬದಲಾಗವು, ಕಾಟಾದ ಕಂಪ್ಯೂಟರಿನಲ್ಲೇ ಒಂದು ಪ್ರತಿ ಇರಲಿ. ದರ ಬದಲಾಗುತ್ತದೆ, ಅದರ ಪ್ರತಿಗೆ ಗಡುವು ಹಾಕಬೇಕು. ತೂಕ ಮಾತ್ರ ಯಾರ ಪ್ರತಿಯೂ ಅಲ್ಲ, ಈ ಗಳಿಗೆಯಲ್ಲಿ ಈ ಕಾಟಾದ ಮೇಲೆ ಹುಟ್ಟಿದ್ದು. ಅದನ್ನು ಮೊದಲು ಇಲ್ಲಿಯ ಡಿಸ್ಕಿಗೆ ಬರೆದು, ಚೀಟಿ ಹರಿದುಕೊಟ್ಟು, ಲಾರಿ ಹೊರಟ ಮೇಲೆ ಸರ್ವರಿಗೆ ಕಳಿಸಿದರೆ ಸಾಕು.

ಹೀಗೆ ಕಾಯುವ ಹೊತ್ತು ದೊಡ್ಡ ದೊಡ್ಡ ಜಾಲಗಳನ್ನೂ ಕಾಡುತ್ತದೆ. ಒಂದು ಹುಡುಕಾಟಕ್ಕೆ ನೂರು ಸರ್ವರುಗಳು ಕೂಡಿ ಉತ್ತರ ಕೊಡಬೇಕೆನ್ನಿ. ಒಂದೊಂದು ಸರ್ವರೂ ನೂರಕ್ಕೆ ಒಂದೇ ಸಲ ತಡ ಮಾಡುತ್ತದೆ. ಆದರೂ ನೂರಕ್ಕೆ 63 ಹುಡುಕಾಟಗಳು ತಡವಾಗುತ್ತವೆ, ಯಾಕೆಂದರೆ ಒಟ್ಟಿಗೆ ಹೊರಟ ಲಾರಿಯವರು ಊಟಕ್ಕೆ ಕೂರುವುದು ಕೊನೆಯವನು ಬಂದ ಮೇಲೆ. ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಜ್ ಬರೋಸೊ 2013ರಲ್ಲಿ ಈ ಲೆಕ್ಕ ಬರೆದರು, ಮದ್ದನ್ನೂ ಹೇಳಿದರು: 10 ಮಿಲಿಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಅದೇ ಪ್ರಶ್ನೆಯನ್ನು ಇನ್ನೊಂದು ಸರ್ವರಿಗೂ ಕೇಳಿ, ಮೊದಲು ಬಂದದ್ದನ್ನು ತೆಗೆದುಕೊಳ್ಳಿ. ಅವರ ಒಂದು ಪರೀಕ್ಷೆಯಲ್ಲಿ ಸಾವಿರಕ್ಕೊಂದು ಸಲ 1,800 ಮಿಲಿಸೆಕೆಂಡಿಗೆ ಹೋಗುತ್ತಿದ್ದ ತಡ ಹೀಗೆ 74ಕ್ಕೆ ಇಳಿಯಿತು. ಹೆಚ್ಚಿಗೆ ಕೇಳಿದ ಪ್ರಶ್ನೆಗಳು ನೂರಕ್ಕೆ ಎರಡು ಮಾತ್ರ.

ಓದುವ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ತೊಂದರೆಯಿಲ್ಲ. ಬರೆಯುವುದಕ್ಕೆ ಈ ಸಲಿಗೆ ಇಲ್ಲ ಎಂಬ ಪಾಠವನ್ನು ಕಳಂಬೋಲಿಯ ಮಳೆಯೇ ಹೇಳಿಕೊಡುತ್ತದೆ. ಹಬ್ಬ ಮುಗಿಸಿ ಬಂದ ವಾರ. ಬಸ್ಸಿನಲ್ಲಿ ಹೊಳೆದದ್ದನ್ನು ಕೋಡಿಗೆ ಇಳಿಸಿಯಾಗಿದೆ. ಆಕಾಶ ಹರಿದಂತೆ ಸುರಿಯುತ್ತಿದೆ. ಮಳೆನೀರು ಹಿಡಿದಿಡುವ ಧಾರಣಾ ಕೊಳಗಳು ತುಂಬಿ ಮಾರುಕಟ್ಟೆಯ ರಸ್ತೆಯಲ್ಲಿ ಮೊಣಕಾಲು ನೀರು. ಫೈಬರ್ ಸಂಪರ್ಕ ಸತ್ತು ಕಂಪ್ಯೂಟರು ಮೊಬೈಲ್ ಡೇಟಾಕ್ಕೆ ಹೊರಳಿದೆ. ಪಿಂಗ್ 5ರಿಂದ 80ಕ್ಕೆ, 150ಕ್ಕೆ, ಮತ್ತೆ 80ಕ್ಕೆ ಎಗರಾಡುತ್ತಿದೆ. ಹಳೆಯ 192 ಸುತ್ತುಗಳನ್ನು ಹಾಗೇ ಬಿಟ್ಟು ಸರ್ವರನ್ನಷ್ಟೇ ಮುಂಬೈಗೆ ತಂದಿದ್ದರೆ ಇವತ್ತು ಒಂದು ಚೀಟಿಗೆ 15 ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿತ್ತು. ಹತ್ತಿರ ತಂದದ್ದು ಮಳೆಗೆ ಮತ್ತೆ ದೂರವಾಯಿತು, ಕಡಿಮೆ ಮಾಡಿದ್ದು ಕಡಿಮೆಯೇ ಉಳಿಯಿತು. ಸೇಠ್‌ಜಿಯ ಹತ್ತಿರ ಹಟ ಹಿಡಿದದ್ದು ಈ ದಿನಕ್ಕಾಗಿ.

ಆಗ ಹುಡುಗ ಕರೆಯುತ್ತಾನೆ. “ಸರ, ಒಂದು ತೂಕ ಹೋಗೇತೋ ಇಲ್ಲೋ ತಿಳೀವಲ್ದು ನೋಡ್ರಿ.” ಕಳಿಸಿದ ಮೇಲೆ ಸಂಪರ್ಕ ಕಡಿದಿದೆ. ಸರ್ವರಿಗೆ ಮುಟ್ಟಿ ಉತ್ತರ ದಾರಿಯಲ್ಲಿ ಕಳೆದಿರಬಹುದು, ಮುಟ್ಟದೆಯೂ ಇರಬಹುದು. ದೂರದ ಕೆಲಸದಲ್ಲಿ ಈ ಎರಡನ್ನೂ ಇಲ್ಲಿ ಕೂತು ಬೇರೆಮಾಡಿ ತಿಳಿಯಲಾಗದು. ಸುಮ್ಮನೆ ಮತ್ತೆ ಕಳಿಸಿದರೆ ಒಂದೇ ಲಾರಿಯ ಮಾಲು ಲೆಡ್ಜರಿನಲ್ಲಿ ಎರಡು ಸಲ ಏರಬಹುದು. ಕಳಿಸದಿದ್ದರೆ ಒಂದು ಲಾರಿಯ ಮಾಲೇ ಮಾಯ. ಅದಕ್ಕೆ ಪ್ರತಿ ಚೀಟಿಗೂ ಇಲ್ಲೇ ಒಂದು ನಂಬರ್ ಹುಟ್ಟುತ್ತದೆ, ತೂಕದ ಜೊತೆ ಅದೂ ಹೋಗುತ್ತದೆ. ಅದೇ ನಂಬರ್ ಎರಡನೆಯ ಸಲ ಬಂದರೆ ಸರ್ವರ್ ‘ಬರೆದಾಗಿದೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. “ಮತ್ತೆ ಕಳಿಸು, ಹೆದರಬೇಡ,” ಅನ್ನುತ್ತೇನೆ. ಕಳಿಸುತ್ತಾನೆ. ಲೆಡ್ಜರಿನಲ್ಲಿ ಒಂದೇ ಸಾಲು. ವೇಗಕ್ಕಾಗಿ ಕೆಲಸವನ್ನು ಆಮೇಲಕ್ಕೆ ತಳ್ಳುವವನು ಈ ನಂಬರನ್ನು ಮರೆತರೆ ಉಳಿಸಿದ ಸೆಕೆಂಡುಗಳನ್ನೆಲ್ಲ ಬಡ್ಡಿ ಸಮೇತ ಕಟ್ಟಬೇಕು.

ಮಳೆ ಹಿಂದೆ ಸರಿದ ಮೇಲೆ ಒಂದು ರಾತ್ರಿ, ಅದೇ ಹನ್ನೊಂದರ ಸುಮಾರು. ಮಾಥಾಡಿ ಕೆಲಸಗಾರರು ಕೊನೆಯ ಕಟ್ಟುಗಳನ್ನು ಇಳಿಸಿ ಕೈ ತೊಳೆಯುತ್ತಿದ್ದಾರೆ. ಹೊರಗೆ ಖಾಲಿ ಲಾರಿ ಕಾಟಾ ಹತ್ತುವ ಸದ್ದು. ಹೆಗಲ ಮೇಲಿನ ಟವೆಲ್ಲು ನೋಡಿ ಗುರುತು ಹಿಡಿಯುತ್ತೇನೆ. ಅಣ್ಣ ಇಂಜಿನ್ ಆರಿಸುತ್ತಾನೆ, ಇಳಿಯುತ್ತಾನೆ, ಅಭ್ಯಾಸದಂತೆ ಬೆಂಚಿನ ಕಡೆ ಹೆಜ್ಜೆ ಹಾಕುತ್ತಾನೆ. ಕೂರುವ ಮೊದಲೇ ಹುಡುಗನ ಕೈ ಕಿಟಕಿಯಿಂದ ಹೊರಗೆ ಬಂದಿದೆ, ಕೈಯಲ್ಲಿ ಚೀಟಿ.

ಅವನು ತೆಗೆದುಕೊಳ್ಳುವುದಿಲ್ಲ. “ಇಷ್ಟು ಲಗೂ ಹೆಂಗಾತು? ತೂಕ ಸರಿಯಾಗಿ ತಗಂಡೈತೇನಪ್ಪಾ ಅದು?”

“ತಗೊಂಡದ ರೀ, ಚೀಟಿ ಹಿಡೀರಿ,” ಅನ್ನುತ್ತಾನೆ ಹುಡುಗ.

ಅಣ್ಣ ನನ್ನ ಕಡೆ ತಿರುಗುತ್ತಾನೆ. ಅವನ ಅನುಮಾನ ನನಗೆ ಅರ್ಥವಾಗುತ್ತದೆ. ಮೂವತ್ತು ವರ್ಷದಿಂದ ಕಾಟಾ ಎಂದರೆ ಕಾಯುವುದು. ಕಾಯದೆ ಬಂದ ಅಂಕಿಯನ್ನು ನಂಬುವುದು ಹೇಗೆ? ತೂಕದಲ್ಲಿ ಹತ್ತು ಕಿಲೋ ಹೆಚ್ಚುಕಮ್ಮಿಯಾದರೂ ಊರಿಗೆ ಹೋದ ಮೇಲೆ ಮಾಲೀಕನಿಗೆ ಉತ್ತರ ಹೇಳಬೇಕಾದವನು ಅವನೇ.

“ಇನ್ನೊಂದು ಸಲ ತೂಗೋಣ ಅಣ್ಣಾ,” ಅನ್ನುತ್ತೇನೆ.

ಲಾರಿ ಹಿಂದೆ ಸರಿಯುತ್ತದೆ, ಮತ್ತೆ ಹತ್ತುತ್ತದೆ. ಕೆಂಪು ಅಂಕಿ ತೂಗಾಡಿ ನಿಲ್ಲುತ್ತದೆ: 12,940. ಚೀಟಿಯಲ್ಲೂ ಅಷ್ಟೇ ಇದೆ. ಅವನು ಈಗ ಚೀಟಿಯನ್ನು ದೀಪದ ಕೆಳಗೆ ಹಿಡಿದು, ಈ ಸಲದ ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆಯುತ್ತಾನೆ. ತುಟಿ ಅಲ್ಲಾಡುತ್ತದೆ, ಬೆರಳು ಅಂಗೈ ಮೇಲೆ ಅಂಕಿ ಬರೆಯುತ್ತದೆ. “ಇಪ್ಪತ್ತೊಂಬತ್ತು ಸಾವಿರದ ಒಂಬೈನೂರ ಇಪ್ಪತ್ತು.” ಚೀಟಿಯ ಕೆಳಗಿನ ಸಾಲು ನೋಡುತ್ತಾನೆ. 29,920. ನಾಲ್ಕಾಗಿ ಮಡಚಿ ಅಂಗಿಯ ಜೇಬಿಗಿಡುತ್ತಾನೆ.

ಲೆಕ್ಕ ಹಾಕಿಕೊಳ್ಳಲು ಅವನಿಗೆ ಹಿಡಿದದ್ದು ಅರ್ಧ ನಿಮಿಷದ ಹತ್ತಿರ. ನಾನು ಸ್ಟಾಪ್‌ವಾಚ್ ಒತ್ತಲಿಲ್ಲ. ಆ ಹೊತ್ತು ಅವನದು, ಅವನ ಲೆಕ್ಕಕ್ಕೆ ಅವನು ಕೊಟ್ಟುಕೊಂಡದ್ದು. ಇಂಜಿನ್ ಹೊತ್ತಿಕೊಳ್ಳುತ್ತದೆ. ಹಿಂದಿನ ಲಾರಿ ದೀಪ ಹಾಯಿಸಿ ಕಾಟಾದ ಕಡೆ ಹೊರಳುತ್ತದೆ.